ಕಿಕ್ ಡ್ರಮ್ಮಿನ ಅಡಿಯಲ್ಲಿ ಹೂತುಹೋದ ಹಾಡು

ಮನೆಯಲ್ಲೇ ಹಾಡು ಧ್ವನಿಮುದ್ರಿಸುವ ನಮ್ಮ ಹೊರನಾಡ ಕನ್ನಡಿಗರಲ್ಲಿ ಈಚೆಗೆ ಒಂದು ರೂಢಿ ಬೇರೂರಿದೆ. ಭಾವಗೀತೆಯಾಗಲಿ, ದಾಸರ ಪದವಾಗಲಿ, ಸೋಬಾನೆಯಾಗಲಿ, ಅದಕ್ಕೊಂದು ಕಿಕ್ ಡ್ರಮ್ ಕೂಡಿಸುವುದು. ಅಷ್ಟಕ್ಕೆ ತೃಪ್ತಿಯಾಗದೆ ಆ ಡ್ರಮ್ಮಿನ ಒಂದೊಂದು ಪೆಟ್ಟಿನ ಅಡಿಗೂ ಕಂಪ್ಯೂಟರಿನಲ್ಲಿ ಹುಟ್ಟಿಸಿದ, 50 ಹರ್ಟ್ಸ್ ಆಸುಪಾಸಿನ ಮಂದ್ರನಾದವೊಂದನ್ನು ಹಾಸುವುದು. ಇದನ್ನು ‘ಸಬ್’ ಎನ್ನುತ್ತಾರೆ. ಸಬ್ ಇಲ್ಲದ ಹಾಡು ಸಪ್ಪೆ ಎಂಬುದು ಈಗ ಯಾರೂ ಪ್ರಶ್ನಿಸದ ನಂಬಿಕೆ. ಆ ನಂಬಿಕೆ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಬರಹ.

ಈ ತಪ್ಪಿನಲ್ಲಿ ನಾವೂ ಪಾಲುದಾರರು. ಧಾರವಾಡ ಸೀಮೆಯಿಂದ ಬಂದು ಈ ಊರಿನಲ್ಲಿ ನೆಲೆಸಿದ ನಮ್ಮ ಬಳಗದ ಹಿರಿಯರೊಬ್ಬರು, ತಾಯಿಯಿಂದ ಕಲಿತ ಬೀಸುವ ಕಲ್ಲಿನ ಪದಗಳನ್ನು ಹಾಡಿದರು. ನಾವು ಮನೆಯೊಂದರ ಕೋಣೆಯಲ್ಲಿ ಅದನ್ನು ಮುದ್ರಿಸಿದೆವು. ಆಮೇಲೆ ‘ಇಂದಿನವರಿಗೆ ಹಿಡಿಸಬೇಕು’ ಎಂದು ಕಿಕ್ಕನ್ನೂ ಸಬ್ಬನ್ನೂ ಸೇರಿಸಿದೆವು. ಕೇಳಿ ಮುಗಿಸಿದ ಆ ತಾಯಿ, ‘ಛಲೋ ಆಗೇದ್ರಿ. ಆದ್ರ ನಾ ಏನ್ ಹಾಡೀನಿ ಅನ್ನೋದು ನನಗ ತಿಳೀವಲ್ದು’ ಎಂದರು. ಆ ಮಾತು ನಮ್ಮನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು.

ಮೊದಲು ನ್ಯಾಯವಾಗಿ ಹೇಳಬೇಕಾದ ಮಾತು: ಈ ತಂತ್ರ ಸ್ವತಃ ಕೆಟ್ಟದ್ದಲ್ಲ. ಸ್ಟುಡಿಯೋಗಳಲ್ಲಿ ಕಿಕ್ಕಿನ ಧ್ವನಿ ಬಡಕಲಾಗಿ ಮುದ್ರಣವಾದಾಗ, ಆ ಪೆಟ್ಟು ಬಿದ್ದಾಗಷ್ಟೇ ತೆರೆದುಕೊಳ್ಳುವ ‘ಗೇಟ್’ ಒಂದರ ಮೂಲಕ ಆಸಿಲೇಟರಿನ ಮಂದ್ರಸ್ವರವನ್ನು ಹಾಯಿಸಿ ಕೊರತೆ ತುಂಬುವುದು ಹಳೆಯ ಉಪಾಯ. ಜಪಾನಿನ ರೋಲ್ಯಾಂಡ್ ಸಂಸ್ಥೆ 1980ರಲ್ಲಿ ತಂದ ಟಿಆರ್-808 ಯಂತ್ರದ ಕಿಕ್ಕಂತೂ ಅಂಥ ಮಂದ್ರನಾದವೇ. ಅದರ ಗುಂಡಿ ತಿರುಗಿಸಿ ಪೆಟ್ಟನ್ನು ಉದ್ದಕ್ಕೆ ಎಳೆದು, ಅದನ್ನೇ ಹಾಡಿನ ತಳಪಾಯ ಮಾಡಿಕೊಂಡ ಅಮೆರಿಕದ ಹಿಪ್‌ಹಾಪ್ ಕಲಾವಿದರು ಹೊಸದೊಂದು ಸಂಗೀತವನ್ನೇ ಕಟ್ಟಿದರು. ಅಲ್ಲಿ ಹಾಡು ಹುಟ್ಟಿದ್ದೇ ಆ ನಾದದ ಮೇಲೆ. ನಮ್ಮ ತಕರಾರು ಅದನ್ನು ಎಲ್ಲ ಹಾಡಿಗೂ ಹಚ್ಚುವ ಒಗ್ಗರಣೆ ಮಾಡಿಕೊಂಡವರ ಬಗ್ಗೆ.

ಮೊದಲ ಆಕ್ಷೇಪ ಕೋಣೆಯದು. 50 ಹರ್ಟ್ಸ್ ನಾದದ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ನಮ್ಮ ನಗರಗಳ ಫ್ಲ್ಯಾಟುಗಳಲ್ಲಿ ಮಲಗುವ ಕೋಣೆ ಹತ್ತು-ಹನ್ನೊಂದು ಅಡಿ, ಎಂದರೆ ಆ ಅಲೆಯ ಹೆಚ್ಚುಕಡಿಮೆ ಅರ್ಧ. ಅಂಥ ಕೋಣೆಯಲ್ಲಿ ಈ ನಾದ ಗೋಡೆಗಳ ಬಳಿ ಉಬ್ಬಿ, ನಟ್ಟನಡುವೆ ಕುಸಿಯುತ್ತದೆ. ನಡುವೆ ಕುರ್ಚಿ ಹಾಕಿಕೊಂಡು ಕುಳಿತವನು ‘ಸಾಲದು, ಸಾಲದು’ ಎಂದು ಏರಿಸುತ್ತಲೇ ಹೋಗುತ್ತಾನೆ. ಸಮಾರಂಭದ ಸಭಾಂಗಣದ ದೊಡ್ಡ ಪೆಟ್ಟಿಗೆಗಳಲ್ಲಿ ಅದೇ ಹಾಡು ಮೊಳಗಿದಾಗ ಕುರ್ಚಿಗಳು ನಡುಗುತ್ತವೆ, ಸಾಹಿತ್ಯ ಯಾರಿಗೂ ಕೇಳುವುದಿಲ್ಲ.

ಎರಡನೆಯದು ಗಂಭೀರವಾದದ್ದು. ಮಂದ್ರಸ್ವರ ನಮ್ಮ ಕಿವಿಗೆ ಮಧ್ಯಸ್ವರದಷ್ಟೇ ಗಟ್ಟಿಯಾಗಿ ಕೇಳಬೇಕಾದರೆ ಬಹುಪಾಲು ಹೆಚ್ಚು ಶಕ್ತಿ ಬೇಕೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದರು. ಡಿಜಿಟಲ್ ಮುದ್ರಣಕ್ಕಾದರೋ ದಾಟಲಾಗದ ಮೇಲ್ಮಿತಿಯೊಂದಿದೆ. ಸಬ್ ಆ ಜಾಗದ ದೊಡ್ಡ ಪಾಲನ್ನು ನುಂಗುತ್ತದೆ. ಮಿತಿ ಮೀರದಂತೆ ಕೊನೆಯಲ್ಲಿ ಹಾಕುವ ಲಿಮಿಟರ್, ಪೆಟ್ಟು ಬಿದ್ದಾಗಲೆಲ್ಲ ಇಡೀ ಹಾಡನ್ನು, ಎಂದರೆ ಹಾಡುವ ಕೊರಳನ್ನೂ, ತಗ್ಗಿಸುತ್ತದೆ. ನಮ್ಮ ಕೇಳುಗರಲ್ಲಿ ಹೆಚ್ಚಿನವರು ಹಾಡು ಕೇಳುವುದು ವಾಟ್ಸಾಪಿನಲ್ಲಿ, ಫೋನಿನ ಪುಟ್ಟ ಸ್ಪೀಕರಿನಲ್ಲಿ. ಆ ಸ್ಪೀಕರು 50 ಹರ್ಟ್ಸ್ ನಾದವನ್ನು ಹೊರಡಿಸಲಾರದು. ಹಾಗಾಗಿ ಸಬ್ ಅವರಿಗೆ ಕೇಳುವುದೇ ಇಲ್ಲ. ಅದಕ್ಕಾಗಿ ಅಡಗಿದ ಕೊರಳು ಮಾತ್ರ ಅಡಗಿದಂತೆಯೇ ತಲುಪುತ್ತದೆ.

ಮೂರನೆಯದು ಶ್ರುತಿಯ ಮಾತು. ಒಂದೂವರೆ ಕಟ್ಟೆಯ ಶ್ರುತಿಗೆ ಹಾಡುವವರ ಷಡ್ಜ ಸುಮಾರು 139 ಹರ್ಟ್ಸ್. ತಂತ್ರಾಂಶದಲ್ಲಿ ಸಿದ್ಧವಾಗಿ ಸಿಗುವ 50 ಹರ್ಟ್ಸ್ ಆ ಷಡ್ಜಕ್ಕೆ ಎಲ್ಲಿ ಕೂರುತ್ತದೆ? ಪ್ರತಿಮಧ್ಯಮವೂ ಅಲ್ಲದ, ಪಂಚಮವೂ ಅಲ್ಲದ ನಡುವಿನ ಜಾಗದಲ್ಲಿ. ತಂಬೂರಿಯ ಒಂದು ತಂತಿ ಕೂದಲೆಳೆಯಷ್ಟು ಇಳಿದರೆ ಮುಖ ಸಿಂಡರಿಸುವ ನಾವು, ತಾಳದ ಪ್ರತಿ ಪೆಟ್ಟಿಗೂ ಈ ಅಪಶ್ರುತಿಯನ್ನು ಸಹಿಸುತ್ತಿದ್ದೇವೆ. ನಮ್ಮ ಹಿರಿಯರಿಗೆ ಮಂದ್ರ ಬೇಡವಾಗಿತ್ತೆಂದಲ್ಲ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುವುದು ಮಂದ್ರಕ್ಕಾಗಿಯೇ. ಆದರೆ ಅದನ್ನು ಅಂದಿನ ಶ್ರುತಿಗೆ ತಕ್ಕಂತೆ ಕೈಯಾರೆ ಹದಗೊಳಿಸುತ್ತಿದ್ದರು.

‘ಕೇಳುಗರಿಗೆ ಅದೇ ಬೇಕು’ ಎಂದು ಗೆಳೆಯರು ವಾದಿಸುತ್ತಾರೆ. ಯಾವ ಕೇಳುಗರಿಗೆ? ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಮಾತಾಡುತ್ತಾರೆ, ಓದಲಾರರು. ಅಜ್ಜಿಯರ ಪದಗಳು ಅವರಿಗೆ ಪುಸ್ತಕದಿಂದ ದಕ್ಕುವುದಿಲ್ಲ, ಕಿವಿಯಿಂದಲೇ ದಕ್ಕಬೇಕು. ‘ಬೀಸು’ ಎಂಬುದೂ ‘ಬೀಜ’ ಎಂಬುದೂ ಬೇರೆಯಾಗಿ ಕೇಳದ ಮುದ್ರಣವನ್ನು ಅವರ ಕೈಗಿತ್ತು, ಪರಂಪರೆ ಉಳಿಸಿದೆವೆಂದು ಬೆನ್ನು ತಟ್ಟಿಕೊಳ್ಳುವುದು ಆತ್ಮವಂಚನೆ. ‘ಬೇಡವಾದರೆ ಆಮೇಲೆ ತೆಗೆದರಾಯಿತು’ ಎಂಬುದು ಇನ್ನೊಂದು ವಾದ. ಎಲ್ಲವನ್ನೂ ಬೆರೆಸಿ ಒಂದೇ ಫೈಲು ಮಾಡಿ, ಮೂಲವನ್ನು ಅಳಿಸಿದ ಮೇಲೆ ತೆಗೆಯುವುದು ಏನನ್ನು?

ನಾವು ಕೇಳುವುದಿಷ್ಟೇ. ಏನನ್ನೂ ಬೆರೆಸದ ಕೊರಳಿನ ಮುದ್ರಣವನ್ನು ಮೊದಲು ಬೇರೆಯಾಗಿ ಕಾದಿಡಿ. ಕಿಕ್ ಬೇಕೇ ಎಂದು ಕೇಳಿಕೊಂಡ ಮೇಲೆ ಸಬ್ ಬೇಕೇ ಎಂದು ಕೇಳಿಕೊಳ್ಳಿ. ಬೇಕೆಂದೇ ತೋರಿದರೆ ಹಾಡಿನ ಷಡ್ಜಕ್ಕೋ ಪಂಚಮಕ್ಕೋ ಅದನ್ನು ಕೂಡಿಸಿ. ಕಿಕ್ಕಿನ ಅಲೆಯೊಡನೆ ಅದರ ಅಲೆಯನ್ನು ಹೊಂದಿಸಿ; 50 ಹರ್ಟ್ಸ್‌ನಲ್ಲಿ 10 ಮಿಲಿಸೆಕೆಂಡು ತಡವಾದರೂ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಎರಡೂ ಸೊರಗುತ್ತವೆ. ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಅಡ್ಡಾಡಿ ಕೇಳಿ, ಫೋನಿನಲ್ಲೂ ಕೇಳಿ. ಕೊನೆಗೆ, ಹಾಡಿದವರನ್ನೇ ಕೂರಿಸಿ ಕೇಳಿಸಿ. ತಮ್ಮ ಮಾತು ತಮಗೆ ತಿಳಿಯಿತೆಂದು ಅವರು ಹೇಳುವವರೆಗೆ ಅದನ್ನು ಯಾರಿಗೂ ಕಳುಹಿಸಬೇಡಿ.

ಆ ಹಿರಿಯರ ಮೂಲ ಮುದ್ರಣ ನಮ್ಮಲ್ಲಿ ಉಳಿದಿರಲಿಲ್ಲ. ಮತ್ತೊಮ್ಮೆ ಹಾಡಿರೆಂದು ಬೇಡಿಕೊಂಡೆವು. ನೆನಪು ಮಾಸಿದ್ದರಿಂದ ಎರಡು ಪದಗಳು ಈ ಸಲ ಪೂರ್ತಿಯಾಗಿ ಬರಲಿಲ್ಲ. ಬಂದಷ್ಟನ್ನು, ಕಿಕ್ಕೂ ಸಬ್ಬೂ ಇಲ್ಲದೆ, ಹಾಗೆಯೇ ಇಟ್ಟುಕೊಂಡಿದ್ದೇವೆ.