ದೂರದರ್ಶನದ ವಾಣಿಜ್ಯ ವರಮಾನ: ಬಂದದ್ದೆಷ್ಟು, ಉಳಿದದ್ದೆಷ್ಟು?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯ ಮೂಲಕ ಒಂದೇ ಹಂಗಾಮಿನಲ್ಲಿ ಹತ್ತು ಕೋಟಿ ರೂಪಾಯಿಯ ಮಾಲು ಹಾದುಹೋಗಬಹುದು. ಆ ಹತ್ತು ಕೋಟಿಯನ್ನು ದಲಾಲರ ವರಮಾನವೆಂದು ಯಾರೂ ಭಾವಿಸುವುದಿಲ್ಲ. ಮಾಲು ರೈತನದು, ಹಣ ಖರೀದಿದಾರನದು; ಅಂಗಡಿಗೆ ದಕ್ಕುವುದು ದಲಾಲಿ ಮಾತ್ರ. ಕೇಂದ್ರ ನೇರ ತೆರಿಗೆ ಮಂಡಳಿಯೂ 1986ರ ಮಾರ್ಚ್ 17ರ ತನ್ನ 452ನೇ ಸುತ್ತೋಲೆಯಲ್ಲಿ ಇದನ್ನೇ ಒಪ್ಪಿಕೊಂಡಿದೆ. ಕಚ್ಚಾ ಅಡತಿ ವ್ಯಾಪಾರಿಯ ವಿಷಯದಲ್ಲಿ ತೆರಿಗೆ ಲೆಕ್ಕಪರಿಶೋಧನೆಯ ಮಿತಿಯನ್ನು ಎಣಿಸುವಾಗ ಇತರರ ಪರವಾಗಿ ಮಾಡಿದ ಮಾರಾಟವನ್ನು ಸೇರಿಸದೆ, ಅವನಿಗೆ ಬಂದ ಒಟ್ಟು ದಲಾಲಿಯನ್ನಷ್ಟೇ ಪರಿಗಣಿಸಬೇಕೆಂಬುದು ಅದರ ತಾತ್ಪರ್ಯ. ಪೇಟೆಯಲ್ಲಿ ಗುಮಾಸ್ತನಾಗಿ ಸೇರಿದ ಹುಡುಗನಿಗೂ ತಿಳಿದಿರುವ ಈ ಸರಳ ಭೇದವು ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯ ವಾಣಿಜ್ಯ ವಿಭಾಗದ ವಾರ್ಷಿಕ ಸಾಧನೆಯನ್ನು ಚರ್ಚಿಸುವಾಗ ಮಾತ್ರ ಮರೆತುಹೋಗುತ್ತದೆ. ದೂರದರ್ಶನವು ಇಷ್ಟು ಕೋಟಿ ಗಳಿಸಿತು ಅಥವಾ ಇಷ್ಟು ಕೋಟಿ ಕಳೆದುಕೊಂಡಿತು ಎಂಬ ಒಂದು ಸಾಲಿನ ಸುದ್ದಿಯೇ ವಿಮರ್ಶೆಯ ಸ್ಥಾನವನ್ನು ಪಡೆಯುತ್ತದೆ.

ಸರ್ಕಾರಿ ಸಂಸ್ಥೆಯ ಜಮಾ-ಖರ್ಚು ಹಾವೇರಿ ಜಿಲ್ಲೆಯ ವರ್ತಕರಿಗೇಕೆ ಎಂಬ ಪ್ರಶ್ನೆ ಸಹಜವೇ. ಆದರೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಗೆ, ಬ್ಯಾಡಗಿಯ ಖಾರದ ಪುಡಿ ತಯಾರಕನಿಗೆ ಕನ್ನಡ ರೈತನ ಮನೆಯನ್ನು ತಲುಪುವ ದಾರಿಗಳಲ್ಲಿ ಚಂದನ ವಾಹಿನಿಯೂ ಒಂದು. ಆ ವಾಹಿನಿಯ ಕಾರ್ಯಕ್ರಮಗಳು ಉಳಿಯಬೇಕೇ, ಸಮಯವನ್ನು ಯಾರಿಗೆ ಎಷ್ಟಕ್ಕೆ ಮಾರಬೇಕು ಎಂಬ ತೀರ್ಮಾನಗಳ ಮೇಲೆ ಈ ಅಂಕಿಗಳ ಪ್ರಭಾವವಿರುತ್ತದೆ.

ದೂರದರ್ಶನದಲ್ಲಿ ಜಾಹೀರಾತು ಆರಂಭವಾದದ್ದು 1976ರ ಜನವರಿ 1ರಂದು. ಆಕಾಶವಾಣಿಯ ವಿವಿಧ ಭಾರತಿ 1967ರಲ್ಲಿಯೇ ಆ ದಾರಿ ಹಿಡಿದಿತ್ತು. ಅಂದು ಟಿವಿ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಪರವಾನಗಿ ಶುಲ್ಕ ಕಟ್ಟಬೇಕಾಗಿದ್ದುದನ್ನು ಹಿರಿಯ ವರ್ತಕರು ಮರೆತಿರಲಾರರು. 1980ರ ದಶಕದ ಮಧ್ಯದಲ್ಲಿ ಆ ಶುಲ್ಕ ರದ್ದಾಯಿತು. ನೋಡುಗನಿಂದ ನೇರವಾಗಿ ಬರುತ್ತಿದ್ದ ಹಣ ನಿಂತು, ಜಾಹೀರಾತು ಮತ್ತು ಸರ್ಕಾರದ ಅನುದಾನ ಇವೆರಡೇ ಆಧಾರವಾದವು. 1984ರ ‘ಹಮ್ ಲೋಗ್’ ಪ್ರಾಯೋಜಿತ ಧಾರಾವಾಹಿಗಳ ಯುಗವನ್ನು ತೆರೆಯಿತು. 1987ರಲ್ಲಿ ‘ರಾಮಾಯಣ’ ಬಂದಾಗ ಭಾನುವಾರದ ಬೆಳಗಿನ ಹೊತ್ತು ಅಂಗಡಿಗಳಲ್ಲಿ ಗಿರಾಕಿಗಳೇ ಇರುತ್ತಿರಲಿಲ್ಲ. ಏಕಸ್ವಾಮ್ಯವಿದ್ದ ಕಾಲದ ಆ ವರಮಾನವನ್ನು ಮಾರಾಟ ಕೌಶಲದ ಫಲವೆಂದು ಹೇಳುವಂತಿಲ್ಲ. ಊರಿಗೆ ಒಂದೇ ಅಂಗಡಿ ಇದ್ದರೆ ಗಲ್ಲಾ ತುಂಬುವುದರಲ್ಲಿ ಆಶ್ಚರ್ಯವೇನಿದೆ?

ಪರೀಕ್ಷೆಯ ಕಾಲ ಬಂದದ್ದು ಅನಂತರ. ಕನ್ನಡದಲ್ಲಿ 1994ರಲ್ಲಿ ಉದಯ, 2000ದಲ್ಲಿ ಈಟಿವಿ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ವಾಹಿನಿಗಳು ಬಂದವು. ಅಖಿಲ ಭಾರತ ಮಟ್ಟದಲ್ಲಿ ದೂರದರ್ಶನದ ವಾಣಿಜ್ಯ ವರಮಾನ 1996-97ರಲ್ಲಿ ಸುಮಾರು 570 ಕೋಟಿ ರೂಪಾಯಿಗೆ ಏರಿ, 1997-98ರಲ್ಲಿ ಸುಮಾರು 490 ಕೋಟಿಗೆ, 1998-99ರಲ್ಲಿ ಸುಮಾರು 400 ಕೋಟಿಗೆ ಇಳಿಯಿತು. ಎರಡೇ ವರ್ಷಗಳಲ್ಲಿ ಶೇಕಡಾ 30ರಷ್ಟು ಕುಸಿತ! ಪ್ರಸಾರ ಭಾರತಿಯು ಸ್ವಾಯತ್ತ ನಿಗಮವಾಗಿ ಅಸ್ತಿತ್ವಕ್ಕೆ ಬಂದದ್ದು ಸರಿಯಾಗಿ ಈ ಇಳಿಜಾರಿನ ನಡುವೆ, 1997ರ ನವೆಂಬರ್ 23ರಂದು. ವರಮಾನ ಮೂರನೆಯ ಒಂದು ಭಾಗದಷ್ಟು ಕುಗ್ಗಿದರೂ ಪ್ರಸಾರ ಗೋಪುರಗಳಾಗಲಿ, ಸಿಬ್ಬಂದಿಯ ಸಂಬಳವಾಗಲಿ ಕುಗ್ಗಲಿಲ್ಲ. ಸ್ಥಿರ ವೆಚ್ಚ ಹೆಚ್ಚಿರುವ ಉದ್ದಿಮೆಯಲ್ಲಿ ಮಾರಾಟ ಕುಸಿದರೆ ಏನಾಗುತ್ತದೆಂಬುದನ್ನು ಹತ್ತಿ ಜಿನ್ನಿಂಗ್ ಮಿಲ್ಲು ನಡೆಸಿದವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಅಂಕಿಯ ಒಳಗಿನ ಮಾತು. ದರಪಟ್ಟಿಯ ಪ್ರಕಾರ 100 ರೂಪಾಯಿಯ ಜಾಹೀರಾತು ಮಾನ್ಯತೆ ಪಡೆದ ಏಜೆನ್ಸಿಯ ಮೂಲಕ ಬಂದರೆ 15 ರೂಪಾಯಿ ಏಜೆನ್ಸಿಯ ಕಮಿಷನ್ನಿಗೆ ಹೋಗುತ್ತದೆ. ಆ ಜಾಹೀರಾತು ಕ್ರಿಕೆಟ್ ಪಂದ್ಯದ ನಡುವೆ ಬಂದರೆ ಮತ್ತೊಂದು ಕಡಿತವಿದೆ. 2007ರ ಕ್ರೀಡಾ ಪ್ರಸಾರ ಸಂಕೇತಗಳ ಕಡ್ಡಾಯ ಹಂಚಿಕೆ ಕಾಯ್ದೆಯು, ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿ ಹಕ್ಕುದಾರರು ದೂರದರ್ಶನಕ್ಕೆ ಕೊಡಬೇಕೆಂದು ವಿಧಿಸಿದಂತೆಯೇ, ಟಿವಿ ಜಾಹೀರಾತು ಆದಾಯದಲ್ಲಿ ಹಕ್ಕುದಾರನಿಗೆ 75ಕ್ಕೆ ಕಡಿಮೆಯಿಲ್ಲದ, ಪ್ರಸಾರ ಭಾರತಿಗೆ 25ರ ಪಾಲನ್ನೂ ಗೊತ್ತುಪಡಿಸಿದೆ. ಕಮಿಷನ್ ಕಳೆದು ಉಳಿದ 85ನ್ನು ಈ ಪ್ರಮಾಣದಲ್ಲಿ ಹಂಚಿದರೆ ದೂರದರ್ಶನದ ಕೈಯಲ್ಲಿ ನಿಲ್ಲುವುದು 21 ರೂಪಾಯಿ 25 ಪೈಸೆ. ಅಂತಹ ವರ್ಷದಲ್ಲಿ 100 ರೂಪಾಯಿಯನ್ನೇ ಸಾಧನೆಯೆಂದು ಸಾರಿದರೆ ಅದು ದಲಾಲನೊಬ್ಬನು ರೈತನ ಪಟ್ಟಿಯ ಹಣವನ್ನೆಲ್ಲ ತನ್ನ ಲಾಭವೆಂದು ಹೇಳಿಕೊಂಡಂತೆಯೇ ಸರಿ. ಪಂದ್ಯಗಳು ಹೆಚ್ಚಿದ್ದ ವರ್ಷ ಅಂಕಿ ಉಬ್ಬುತ್ತದೆ, ಮರುವರ್ಷ ಸೊರಗುತ್ತದೆ. ಎರಡಕ್ಕೂ ವಾಣಿಜ್ಯ ವಿಭಾಗದ ದಕ್ಷತೆಗೂ ಹೆಚ್ಚಿನ ಸಂಬಂಧವಿಲ್ಲ.

ಸರ್ಕಾರಿ ಜಾಹೀರಾತುಗಳದು ಬೇರೆಯೇ ಕಥೆ. ಕೇಂದ್ರದ ಇಲಾಖೆಗಳೂ ರಾಜ್ಯದ ಇಲಾಖೆಗಳೂ ದೂರದರ್ಶನಕ್ಕೆ ಕೊಡುವ ಜಾಹೀರಾತಿನ ಹಣ ಕೊನೆಗೂ ಬೊಕ್ಕಸದ್ದೇ. ಅದು ಬಲಗೈಯಿಂದ ಎಡಗೈಗೆ ದಾಟಿದ ಹಣ. ಅದನ್ನು ಅಪರಾಧವೆಂದು ಹೇಳಬೇಕಾಗಿಲ್ಲ. ಲಸಿಕೆಯ ಸುದ್ದಿಯನ್ನೋ ಬೆಳೆವಿಮೆಯ ಗಡುವನ್ನೋ ತಿಳಿಸಲು ಇದಕ್ಕಿಂತ ಸೂಕ್ತ ಮಾಧ್ಯಮ ಮತ್ತೊಂದಿಲ್ಲ. ಆದರೆ ಮುಕ್ತ ಪೇಟೆಯಲ್ಲಿ ಪೈಪೋಟಿ ನಡೆಸಿ ಗಳಿಸಿದ ಹಣದ ಸಾಲಿನಲ್ಲಿ ಅದನ್ನು ಸೇರಿಸಿಬಿಟ್ಟರೆ ಓದುಗನಿಗೆ ಉಳಿಯುವುದು ಗೊಂದಲ ಮಾತ್ರ.

ಮೂರನೆಯದು ಬಾಡಿಗೆ. ಪ್ರಾಯೋಜಿತ ಕಾರ್ಯಕ್ರಮದ ಪದ್ಧತಿಯಲ್ಲಿ ನಿರ್ಮಾಪಕನು ಪ್ರಸಾರ ಶುಲ್ಕ ಕಟ್ಟಿ, ಪ್ರತಿಯಾಗಿ ಕೆಲವು ಸೆಕೆಂಡುಗಳ ಉಚಿತ ಜಾಹೀರಾತು ಸಮಯವನ್ನು ಪಡೆದು, ಅದನ್ನು ತಾನೇ ಮಾರಿಕೊಳ್ಳುತ್ತಾನೆ. ಹೊಲವನ್ನು ಲಾವಣಿಗೆ ಹಾಕುವುದಕ್ಕೂ ಇದಕ್ಕೂ ಅಂತಹ ವ್ಯತ್ಯಾಸವೇನೂ ಇಲ್ಲ. ಲಾವಣಿಯ ಹಣ ನಿಶ್ಚಿತ. ಬೆಳೆ ಚೆನ್ನಾಗಿ ಬಂದರೆ ಲಾಭ ಲಾವಣಿದಾರನದು, ಮಣ್ಣಿನ ಸತ್ತ್ವ ಕುಂದಿದರೆ ನಷ್ಟ ಒಡೆಯನದು. ಇದರ ಅತಿ ದೊಡ್ಡ ಉದಾಹರಣೆ 2000ದಲ್ಲಿ ನಡೆಯಿತು. ದೂರದರ್ಶನದ ಮೆಟ್ರೊ ವಾಹಿನಿಯ ಸಂಜೆ 7ರಿಂದ 10ರವರೆಗಿನ ಅವಧಿಯನ್ನು ಒಂದು ವರ್ಷದ ಮಟ್ಟಿಗೆ ಆಸ್ಟ್ರೇಲಿಯದ ನೈನ್ ಸಂಸ್ಥೆಯ ಪಾಲುದಾರಿಕೆಯ ಎಚ್‌ಎಫ್‌ಸಿಎಲ್-ನೈನ್ ಕಂಪನಿಗೆ 121 ಕೋಟಿ ರೂಪಾಯಿಗೆ ಕೊಡಲಾಯಿತು. ಆ ವರ್ಷದ ಜಮಾ ಕಡೆ ನೋಡಿದರೆ ಕಣ್ಣು ತುಂಬುವ ಮೊತ್ತ. 2001ರಲ್ಲಿ ಅವಧಿ ಮುಗಿಯಿತು, ಒಪ್ಪಂದ ಮುಂದುವರಿಯಲಿಲ್ಲ. ಎರಡು ವರ್ಷಗಳ ಬಳಿಕ, 2003ರ ನವೆಂಬರಿನಲ್ಲಿ, ಮೆಟ್ರೊ ವಾಹಿನಿಯೇ ಹೋಗಿ ಅದರ ಸ್ಥಾನದಲ್ಲಿ ಸುದ್ದಿ ವಾಹಿನಿ ಬಂದಿತು. ಪ್ರೇಕ್ಷಕರನ್ನು ರೂಢಿಸಿಕೊಳ್ಳುವ ಕೆಲಸವನ್ನು ಬಾಡಿಗೆದಾರನಿಗೆ ವಹಿಸಿದ ಒಡೆಯನಿಗೆ ಒಂದು ವರ್ಷದ ಬಾಡಿಗೆಯ ಹೊರತು ಬೇರೇನು ಉಳಿದೀತು?

2004ರ ಡಿಸೆಂಬರಿನಲ್ಲಿ ಆರಂಭವಾದ, ಈಗ ಡಿಡಿ ಫ್ರೀ ಡಿಶ್ ಎಂದು ಕರೆಯಲಾಗುವ ಉಚಿತ ಡಿಟಿಎಚ್ ಸೇವೆಯಲ್ಲಿಯೂ ಬಾಡಿಗೆಯದೇ ಪ್ರಾಧಾನ್ಯ. ನೋಡುಗನಿಗೆ ಮಾಸಿಕ ಶುಲ್ಕವಿಲ್ಲ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಸ್ಥಾನ ಹಿಡಿದು ಹಣ ಕಟ್ಟುತ್ತವೆ. ವ್ಯಾಪಾರದ ದೃಷ್ಟಿಯಿಂದ ಇದು ಜಾಣತನದ ಯೋಜನೆ, ಪ್ರಸಾರ ಭಾರತಿಯ ಕೈಹಿಡಿದ ಯೋಜನೆ. ಆದರೆ ಇದು ಗೋದಾಮಿನ ಬಾಡಿಗೆ, ಅಂಗಡಿಯ ವ್ಯಾಪಾರವಲ್ಲ. ಸ್ವಂತ ವಾಹಿನಿಗಳ ಜಾಹೀರಾತು ಕುಗ್ಗುತ್ತ, ಪ್ರತಿಸ್ಪರ್ಧಿಗಳು ಕೊಡುವ ಬಾಡಿಗೆ ಹಿಗ್ಗುತ್ತ ಹೋದರೆ ಒಟ್ಟು ಮೊತ್ತ ಏರುತ್ತಲೇ ಇರಬಹುದು, ಅಂಗಡಿ ಮಾತ್ರ ಖಾಲಿಯಾಗುತ್ತಿರಬಹುದು.

ಖರ್ಚಿನ ಪುಟ ಇನ್ನೂ ಮುಖ್ಯವಾದದ್ದು. ಸಿಬ್ಬಂದಿಯ ಸಂಬಳದ ಬಹುಪಾಲು ಸರ್ಕಾರದ ಅನುದಾನದಿಂದ ಸಂದಾಯವಾಗುತ್ತದೆ. ಹಾಗಿರುವಾಗ ವಾಣಿಜ್ಯ ವಿಭಾಗದ ಗಳಿಕೆಗೆ ಎದುರಾಗಿ ಯಾವ ಖರ್ಚನ್ನು ಹಾಕಬೇಕು? ಸಮಯ ಮಾರುವ ಸಿಬ್ಬಂದಿಯ ಖರ್ಚನ್ನಷ್ಟೇ ಹಾಕಿದರೆ ಭಾರಿ ಲಾಭ. ದೇಶದ ಎಲ್ಲ ಕೇಂದ್ರಗಳ ಖರ್ಚನ್ನು ಹಾಕಿದರೆ ಎಂದೂ ತೀರದ ನಷ್ಟ. ಇವೆರಡೂ ನ್ಯಾಯವಲ್ಲ. ಇದರ ಜೊತೆಗೆ ಏಜೆನ್ಸಿಗಳಿಂದ ಬರಬೇಕಾದ ಬಾಕಿಯ ಪ್ರಶ್ನೆಯಿದೆ. ಪ್ರಸಾರ ಭಾರತಿಯ ಲೆಕ್ಕಗಳನ್ನು ಪರಿಶೋಧಿಸುವ ಮಹಾಲೇಖಪಾಲರು ಈ ಬಾಕಿಗಳ ಬಗ್ಗೆ ಆಕ್ಷೇಪವೆತ್ತಿದ್ದಾರೆ. ಬಿಲ್ಲು ಬರೆದ ದಿನವೇ ವರಮಾನವೆಂದು ತೋರಿಸಿದ ಹಣ ವರ್ಷಗಳ ಮೇಲೂ ಬಾರದಿದ್ದರೆ ಅದನ್ನು ಸಂಶಯಾಸ್ಪದ ಬಾಕಿಯೆಂದು ಬೇರ್ಪಡಿಸಬೇಕಾಗುತ್ತದೆ. ಉದ್ರಿ ಖಾತೆಯ ವ್ಯಾಪಾರವನ್ನು ನೋಡಿ ಗಲ್ಲಾ ತುಂಬಿತೆಂದು ಹಿಗ್ಗುವ ವರ್ತಕನು ಪೇಟೆಯಲ್ಲಿ ಬಹಳ ಕಾಲ ನಿಲ್ಲಲಾರ.

ಖಾಸಗಿಯವರೊಡನೆ ಹೋಲಿಸುವವರು ಸನ್ ಟಿವಿ ಸಮೂಹವನ್ನು ಬೆರಳು ಮಾಡಿ ತೋರಿಸುವುದುಂಟು. 2023-24ರಲ್ಲಿ ಅದು 4,000 ಕೋಟಿ ಮೀರಿದ ಆದಾಯದ ಮೇಲೆ ತೆರಿಗೆಯ ನಂತರ 1,800 ಕೋಟಿಗೂ ಮಿಕ್ಕಿ ಲಾಭ ಗಳಿಸಿತು. ಅದರಲ್ಲಿ ಚಂದಾದಾರರ ಹಣವೂ ಇದೆ, ಐಪಿಎಲ್ ತಂಡದ ಗಳಿಕೆಯೂ ಇದೆ. ಅಲ್ಲಿಯೂ ಕನ್ನಡದ ಲೆಕ್ಕ ಪ್ರತ್ಯೇಕವಾಗಿ ಕಾಣಸಿಗುವುದಿಲ್ಲ; ಒಮ್ಮೆ ಬೇರೆ ಕಂಪನಿಯಾಗಿದ್ದ ಉದಯ ಟಿವಿ 2006ರ ಏಪ್ರಿಲ್‌ನಿಂದ ಅನ್ವಯವಾಗುವಂತೆ ಮಾತೃಸಂಸ್ಥೆಯಲ್ಲಿ ವಿಲೀನವಾದ ಮೇಲೆ ಅದರ ಲಾಭ-ನಷ್ಟ ಸಮೂಹದ ಲೆಕ್ಕದಲ್ಲಿ ಕರಗಿಹೋಯಿತು. ಷೇರುದಾರರ ಕಂಪನಿಗೆ ಅದು ಸಾಕಾಗಬಹುದು. ಸಾರ್ವಜನಿಕ ಸಂಸ್ಥೆಗೆ ಹತ್ತಿರದ ಮಾದರಿಯೆಂದರೆ ಬ್ರಿಟನ್ನಿನ ಬಿಬಿಸಿ. ಅದರ ವಾಣಿಜ್ಯ ಅಂಗವಾದ ಬಿಬಿಸಿ ಸ್ಟುಡಿಯೋಸ್ ಬೇರೆ ಕಂಪನಿಯಾಗಿ ಬೇರೆ ಲೆಕ್ಕವನ್ನು ಪ್ರಕಟಿಸುತ್ತದೆ. ಅದರಿಂದ ಮಾತೃಸಂಸ್ಥೆಗೆ ಎಷ್ಟು ಲಾಭಾಂಶ ಬಂದಿತೆಂಬುದು ಯಾರ ಕಣ್ಣಿಗಾದರೂ ಬೀಳುತ್ತದೆ. ಪ್ರಸಾರ ಭಾರತಿಯ ವಾರ್ಷಿಕ ವರದಿಯೂ ಕಾಯ್ದೆಯಂತೆ ಸಂಸತ್ತಿನ ಮುಂದೆ ಬರಬೇಕಾದದ್ದೇ. ಅದರಲ್ಲಿ ಇಂತಹ ಒಂದು ಪ್ರತ್ಯೇಕ ತಖ್ತೆಯನ್ನು ಕೇಂದ್ರವಾರು ಸೇರಿಸುವುದಕ್ಕೆ ಹೊಸ ಕಾನೂನೇನೂ ಬೇಕಾಗುವುದಿಲ್ಲ.

ಕೇಂದ್ರವಾರು ಎಂಬ ಮಾತೇ ಇಲ್ಲಿ ಮುಖ್ಯ. ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ ಕಾರ್ಯಕ್ರಮದ ಬಹುಮಾನ ಪುಸ್ತಕಗಳು. ಅದರ ಖರ್ಚನ್ನು ಖಾಸಗಿ ವಾಹಿನಿಗಳ ತಾರಾ ಸ್ಪರ್ಧೆಗಳ ಖರ್ಚಿಗೆ ಹೋಲಿಸುವುದೇ ಸಲ್ಲದು. ಇಂತಹ ಕಾರ್ಯಕ್ರಮ ಒಟ್ಟು ವರಮಾನದ ಪಟ್ಟಿಯಲ್ಲಿ ಕೆಳಗೆ ಕಾಣಬಹುದು, ಖರ್ಚು ಕಳೆದ ಮೇಲೆ ಮೇಲೆ ಬರಬಹುದು. ಕೃಷಿ ಕಾರ್ಯಕ್ರಮಗಳಿಗೂ ಇದೇ ನ್ಯಾಯ ಸಲ್ಲಬೇಕು. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಧಾರಣೆ ಕುಸಿದು ರೊಚ್ಚಿಗೆದ್ದ ರೈತರಿಂದ ಎಪಿಎಂಸಿಯ ಕಚೇರಿ, ವಾಹನಗಳು ಬೆಂಕಿಗೆ ತುತ್ತಾದ ಘಟನೆಯನ್ನು ಜಿಲ್ಲೆ ಇನ್ನೂ ಮರೆತಿಲ್ಲ. ಆವಕ ಎಷ್ಟಿದೆ, ಶೀತಲಗೃಹಗಳಲ್ಲಿ ದಾಸ್ತಾನು ಎಷ್ಟಿದೆ, ಯಾವ ತಳಿಗೆ ಬೇಡಿಕೆಯಿದೆ ಎಂಬುದನ್ನು ಟೆಂಡರಿನ ಹಿಂದಿನ ಸಂಜೆಯೇ ವಿಶ್ವಾಸಾರ್ಹವಾಗಿ ಹೇಳುವ ಹತ್ತು ನಿಮಿಷದ ಪ್ರಸಾರವಿದ್ದರೆ ಅದರ ಬೆಲೆಯನ್ನು ಯಾವ ವಾಣಿಜ್ಯ ವಿಭಾಗವೂ ಬಿಲ್ಲಿನಲ್ಲಿ ಬರೆಯಲಾರದು. ಒಟ್ಟು ಅಂಕಿಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಮೊದಲು ಕತ್ತರಿ ಬೀಳುವುದೂ ಅಂತಹ ಪ್ರಸಾರಕ್ಕೇ.

ಜಾಹೀರಾತು ಕೊಡುವವರ ಕಡೆಯಿಂದ ನೋಡಿದರೆ ತೆರಿಗೆಯ ಒಂದು ಸೂಕ್ಷ್ಮವಿದೆ. ಟಿವಿ ಜಾಹೀರಾತಿನ ಮೇಲೆ ಶೇಕಡಾ 18ರ ಜಿಎಸ್‌ಟಿ ಇದೆ. ಪತ್ರಿಕೆಯಲ್ಲಿನ ಜಾಹೀರಾತು ಸ್ಥಳದ ಮೇಲೆ ಶೇಕಡಾ 5 ಮಾತ್ರ. ಶೇಕಡಾ 5ರ ತೆರಿಗೆಯ ಖಾರದ ಪುಡಿಯನ್ನು ಮಾರುವ ಬ್ಯಾಡಗಿಯ ತಯಾರಕನು ನೋಂದಾಯಿತನಾಗಿದ್ದರೆ ಆ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯಬಲ್ಲ; ರಾಜಿ ತೆರಿಗೆ ಪದ್ಧತಿಯಲ್ಲಿದ್ದರೆ ಅದೂ ಇಲ್ಲ. ರಾಣೆಬೆನ್ನೂರಿನ ಬೀಜೋದ್ಯಮದ ಸ್ಥಿತಿ ಇನ್ನೂ ಬಿಗಿ. ಬಿತ್ತನೆ ಬೀಜ ತೆರಿಗೆಯಿಂದ ವಿನಾಯಿತಿ ಪಡೆದ ಸರಕು. ವಿನಾಯಿತಿ ಪಡೆದ ಮಾರಾಟಕ್ಕೆ ಸಂಬಂಧಿಸಿದ ಹೂಡುವಳಿ ತೆರಿಗೆ ಜಮೆಯಾಗುವುದಿಲ್ಲ. ಆದಕಾರಣ ಬೀಜ ಕಂಪನಿಗೆ 1,00,000 ರೂಪಾಯಿಯ ಪ್ರಸಾರ ಸಮಯ ಬೀಳುವುದು 1,18,000ಕ್ಕೆ. ದೂರದರ್ಶನಕ್ಕೆ, ಏಜೆನ್ಸಿಯ ಕಮಿಷನ್ ಕಳೆದು, ಸಿಗುವುದು 85,000. ಕೊಟ್ಟವನ 1,18,000ಕ್ಕೂ ಪಡೆದವನ 85,000ಕ್ಕೂ ನಡುವಿನ ಈ 33,000 ರೂಪಾಯಿಯ ಅಂತರವೇ ಜಿಲ್ಲೆಯ ಸಣ್ಣ ಉದ್ದಿಮೆದಾರನನ್ನು ಪರದೆಯಿಂದ ದೂರವಿಟ್ಟಿರುವ ಕಾರಣಗಳಲ್ಲಿ ಒಂದು.

ತೆರಿಗೆಯ ದರ ಜಿಎಸ್‌ಟಿ ಮಂಡಳಿಗೆ ಬಿಟ್ಟ ವಿಷಯ. ಕಮಿಷನ್ ಮಾತ್ರ ದೂರದರ್ಶನದ ಕೈಯಲ್ಲೇ ಇದೆ. ಏಜೆನ್ಸಿಯ ನೆರವಿಲ್ಲದೆ, ಮುಂಗಡ ಹಣ ಕಟ್ಟಿ ನೇರವಾಗಿ ಬರುವ ಸಣ್ಣ ಜಾಹೀರಾತುದಾರನಿಗೆ ಆ ಹದಿನೈದರಲ್ಲಿ ಅರ್ಧವನ್ನು ಬಿಟ್ಟುಕೊಟ್ಟರೂ ಬೆಂಗಳೂರು ಕೇಂದ್ರಕ್ಕೆ ನಷ್ಟವಿಲ್ಲ, ಬಾಕಿಯ ಭಯವೂ ಇಲ್ಲ. ಜಿಲ್ಲೆಯ ಮೂರು ಪೇಟೆಗಳ ವರ್ತಕ ಸಂಘಗಳು ಒಟ್ಟುಗೂಡಿ ಇಂತಹ ನೇರ ದರವನ್ನೂ, ಚಂದನದ ಕೇಂದ್ರವಾರು ನಿವ್ವಳ ಲೆಕ್ಕವನ್ನೂ ಲಿಖಿತವಾಗಿ ಕೇಳುವುದು ಯೋಗ್ಯ. ಬೀಜದ ಜಾಹೀರಾತಿಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯೇ ಜೀವಾಳ. ಮುಂಗಾರು ಬಿತ್ತನೆ ಮುಗಿದ ಮೇಲೆ ಸಿಗುವ ರಿಯಾಯಿತಿಯಿಂದ ರಾಣೆಬೆನ್ನೂರಿಗೆ ಪ್ರಯೋಜನವಿಲ್ಲ. ಮನವಿಯು ಆರ್ಥಿಕ ವರ್ಷ ಮುಗಿಯುವ ಮೊದಲೇ, ಹೊಸ ವರ್ಷದ ಬುಕಿಂಗ್ ಆರಂಭವಾಗುವುದಕ್ಕೆ ಮುಂಚೆಯೇ ಬೆಂಗಳೂರು ಕೇಂದ್ರವನ್ನು ತಲುಪಬೇಕು.