ಗುಡ್ಡಕ್ಕೆ ತಕ್ಕ ಗಾಡಿ, ಗಾಡಿಗೆ ತಕ್ಕ ಹೇರು

ದಾವಣಗೆರೆಯಿಂದ ಚಿತ್ರದುರ್ಗದ ದಿಕ್ಕಿನಲ್ಲಿ ಸುಮಾರು 15 ಕಿ.ಮೀ. ಸಾಗಿದರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಆನಗೋಡು ಸಿಗುತ್ತದೆ. ನಮ್ಮ ಗುಡ್ಡದ ಊರುಗಳಿಗೂ ಅಂಥದೇ ಅಗಲವಾದ ರಸ್ತೆ ಬರಬೇಕೆಂದು ಹಂಬಲಿಸುವವರು ಒಮ್ಮೆ ಅಲ್ಲಿ ಬೆಳಗಿನ ಹೊತ್ತು ನಿಂತು ನೋಡಬೇಕು. ಒಂದೆಡೆ ಪುಣೆ, ಬೆಂಗಳೂರುಗಳ ನಡುವೆ ಬಿರುಸಿನಿಂದ ಹರಿಯುವ ಲಾರಿ ಮತ್ತು ಕಾರುಗಳು. ಇನ್ನೊಂದೆಡೆ, ಅದೇ ರಸ್ತೆಯನ್ನು ದಾಟಿ ಹೊಲ ಸೇರಬೇಕಾದ ಪುಟ್ಟ ಸರಕು ಗಾಡಿಗಳು. ಆ ಗಾಡಿಗಳ ತೊಟ್ಟಿಯಲ್ಲಿ ಸರಕಿಲ್ಲ, ಮನುಷ್ಯರಿದ್ದಾರೆ. ಕಳೆ ಕೀಳಲು, ಮೆಕ್ಕೆಜೋಳ ಮುರಿಯಲು, ಅಡಿಕೆ ಸುಲಿಯಲು ಹೊರಟ ಹೆಣ್ಣುಮಕ್ಕಳು ಬುತ್ತಿಯ ಚೀಲವನ್ನು ಎದೆಗವಚಿಕೊಂಡು, ಒಬ್ಬರ ಭುಜವನ್ನು ಮತ್ತೊಬ್ಬರು ಹಿಡಿದು ನಿಂತಿದ್ದಾರೆ.

ಆನಗೋಡು ರೈತರ ಪಾಲಿಗೆ ಸಾಮಾನ್ಯ ಊರಲ್ಲ. 1992ರಲ್ಲಿ ಇಲ್ಲಿ ನಡೆದ ಗೋಲಿಬಾರಿನಲ್ಲಿ ಇಬ್ಬರು ರೈತರು ಪ್ರಾಣ ತೆತ್ತರು. ಅವರನ್ನು ರೈತ ಚಳವಳಿ ಹುತಾತ್ಮರೆಂದು ಸ್ಮರಿಸುತ್ತ ಬಂದಿದೆ; ಅದು ಸರಿಯಾದುದೇ. ಆದರೆ ಗುಂಡಿಗೆ ಬಲಿಯಾದ ರೈತನನ್ನು ನೆನೆಯುವ ನಾವು, ಹೊಲದ ಹಾದಿಯಲ್ಲಿ ಗಾಡಿ ಮಗುಚಿ ಸತ್ತ ಕೂಲಿಕಾರಳನ್ನು ಏಕೆ ನೆನೆಯುವುದಿಲ್ಲ? ಮೊದಲನೆಯ ಸಾವಿಗೆ ಹೊಣೆ ಯಾರೆಂದು ನಮಗೆ ಗೊತ್ತಿದೆ. ಎರಡನೆಯದಕ್ಕೆ ‘ವಿಧಿ’ ಎಂಬ ಹೆಸರಿಟ್ಟು ಸುಮ್ಮನಾಗಿದ್ದೇವೆ. ಈ ಲೇಖನ ಆ ಸುಮ್ಮನಿರುವಿಕೆಯ ವಿರುದ್ಧ.

ಮೊದಲಿಗೇ ಒಂದು ಮಾತು. ನಾನು ಸಣ್ಣ ಸರಕು ಗಾಡಿಯ ವಿರೋಧಿಯಲ್ಲ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದುದು ಸಣ್ಣ ಹಿಡುವಳಿಯ ಕೃಷಿಕನಿಗೆ ನಿಜಕ್ಕೂ ಉಪಕಾರವಾಯಿತು. ಎರಡು ಸಿಲಿಂಡರಿನ, ಸುಮಾರು 700 ಸಿ.ಸಿ.ಯ ಎಂಜಿನ್, ಒಂದೂವರೆ ಮೀಟರ್ ಅಗಲ, 750 ಕಿಲೋ ಹೇರು. ಲಾರಿ ಒಲ್ಲದ ಓಣಿಗೆ ಅದು ಹೋಯಿತು. ದಲ್ಲಾಳಿಯ ಲಾರಿಗಾಗಿ ಕಾಯುತ್ತಿದ್ದ ರೈತ ತನ್ನ ಹತ್ತು ಚೀಲವನ್ನು ತಾನೇ ಸಂತೆಗೆ ಒಯ್ದ. ಅನಂತರ ಅಶೋಕ್ ಲೇಲ್ಯಾಂಡ್, ಮಹೀಂದ್ರ, ಮಾರುತಿ ಎಲ್ಲರೂ ಈ ಹಾದಿಗೆ ಬಂದರು. ಜಪಾನಿನಲ್ಲಿ ಇದಕ್ಕಿಂತಲೂ ಕಿರಿದಾದ ‘ಕೇ’ ಟ್ರಕ್ಕುಗಳಿವೆ. ಅವುಗಳ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿ.ಸಿ., ಹೇರು 350 ಕಿಲೋ ಮೀರುವಂತಿಲ್ಲ. ಗುಡ್ಡಗಾಡಿನ ಆ ದೇಶದ ರೈತರು ಇಷ್ಟರಲ್ಲೇ ದಶಕಗಳಿಂದ ಬೇಸಾಯ ನಡೆಸಿದ್ದಾರೆ.

ನಮ್ಮಲ್ಲಿ ಗಾಳಿ ತಿರುಗಿದೆ. ಒಂದೂವರೆ ಟನ್ ಹೊರುವ, ಐದು ಮೀಟರ್ ಉದ್ದದ ಪಿಕಪ್ ಈಗ ಪ್ರತಿಷ್ಠೆಯ ಗುರುತು. ಎರಡೆಕರೆ ತೋಟದವನೂ ಅದನ್ನೇ ಕೊಳ್ಳಲು ಸಾಲ ಮಾಡುತ್ತಾನೆ. ಕಾರಣ ಕೇಳಿದರೆ ಕೊಯ್ಲಿನ ಹೇರು ಎನ್ನುತ್ತಾನೆ. ಕೊಯ್ಲಿನ ಹತ್ತು ದಿನದ ಹೇರಿಗಾಗಿ ಉಳಿದ ಮುನ್ನೂರೈವತ್ತೈದು ದಿನ ಆನೆ ಸಾಕುವುದು ಬೇಸಾಯದ ಲೆಕ್ಕವಲ್ಲ. ಗೊಬ್ಬರ, ಸೊಪ್ಪು, ಮೇವು, ಹಾಲಿನ ಕ್ಯಾನು, ಹಸಿ ಅಡಿಕೆ: ಸಣ್ಣ ಹಿಡುವಳಿಯ ದಿನನಿತ್ಯದ ಹೇರು ಇಷ್ಟೇ. ಇದಕ್ಕೆ ಅರ್ಧ ಟನ್ನಿನ ಗಾಡಿ ಸಾಕು. ಕೊಯ್ಲಿಗೆ ದೊಡ್ಡ ಗಾಡಿಯನ್ನು ಬಾಡಿಗೆಗೆ ತರಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಸಾಲದ ಲೆಕ್ಕ ಬಲ್ಲವರು.

ಆದರೆ ಇದು ಬರಿಯ ಮನೆಯ ಲೆಕ್ಕವೂ ಅಲ್ಲ. ಗಾಡಿ ದೊಡ್ಡದಾದರೆ ದಾರಿ ಅಗಲವಾಗಬೇಕೆಂಬ ಬೇಡಿಕೆ ಬರುತ್ತದೆ. ದಾರಿ ಅಗಲವಾಗಬೇಕಾದರೆ ಗುಡ್ಡದ ಬುಡ ಕಡಿಯಬೇಕು. ಮಳೆನಾಡಿನ ಗುಡ್ಡದ ಮಣ್ಣು ತನ್ನ ಇಳಿಜಾರಿನಿಂದಲೇ ನಿಂತಿರುವಂಥದು. ಆ ಬುಡವನ್ನು ನೆಟ್ಟಗೆ ಕಡಿದು, ಮೇಲಿನ ಬೇರು ತೆಗೆದು, ನೀರಿಳಿಯುವ ಹಾದಿ ಮುಚ್ಚಿದರೆ ಅದು ಒಂದು ಆಷಾಢದಲ್ಲಿ ಕೆಳಗಿಳಿಯುತ್ತದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2019ರಲ್ಲಿ ಚಾರ್ಮಾಡಿಯ ರಸ್ತೆ ಜರಿಯಿತು. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಕುಸಿದು ದಾರಿಬದಿಯ ಚಹದಂಗಡಿಯನ್ನೂ ಲಾರಿಗಳನ್ನೂ ಗಂಗಾವಳಿಗೆ ತಳ್ಳಿತು. ಗಾಡಿಯನ್ನು ಗುಡ್ಡಕ್ಕೆ ಹೊಂದಿಸಬೇಕೇ ಹೊರತು ಗುಡ್ಡವನ್ನು ಗಾಡಿಗೆ ಹೊಂದಿಸಲಾಗದು.

ಈಗ ಆನಗೋಡಿನ ಆ ತೊಟ್ಟಿಗೆ ಮರಳೋಣ. ಸಣ್ಣ ಗಾಡಿ ಒಳ್ಳೆಯದು ಎಂದಾಕ್ಷಣ ಅದರಲ್ಲಿ ಏನನ್ನಾದರೂ ತುಂಬಬಹುದೆಂದು ಅರ್ಥವಲ್ಲ. ವಿದ್ಯಾರ್ಥಿಗಳು ಈ ಸರಳ ಲೆಕ್ಕವನ್ನು ಮಾಡಲಿ. 50 ಕಿಲೋದ ಹದಿನೈದು ಗೊಬ್ಬರದ ಚೀಲ 750 ಕಿಲೋ. ಸರಾಸರಿ 50 ಕಿಲೋ ತೂಕದ ಹದಿನೈದು ಜನರೂ 750 ಕಿಲೋ. ತಕ್ಕಡಿಗೆ ಇವೆರಡೂ ಒಂದೇ. ರಸ್ತೆಯ ತಿರುವಿಗೆ ಒಂದೇ ಅಲ್ಲ. ಎರಡು ಸಾಲು ಪೇರಿಸಿದ ಚೀಲದ ಭಾರದ ಕೇಂದ್ರ ತೊಟ್ಟಿಯ ಹಲಗೆಯಿಂದ ಗೇಣೆತ್ತರದಲ್ಲಿರುತ್ತದೆ. ನಿಂತ ಮನುಷ್ಯನ ಭಾರದ ಕೇಂದ್ರ ಹೊಕ್ಕಳಿನ ಮಟ್ಟದಲ್ಲಿ, ಅಂದರೆ ಮೀಟರಿನ ಸಮೀಪ ಇರುತ್ತದೆ. ಚೀಲ ಕುಳಿತಲ್ಲೇ ಕೂರುತ್ತದೆ. ಮನುಷ್ಯರು ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಮಗ್ಗುಲಿಗೆ ವಾಲುತ್ತಾರೆ. ಒಂದೂವರೆ ಮೀಟರ್ ಅಗಲದ ಗಾಡಿ ಮಗುಚಲು ಇದಕ್ಕಿಂತ ಹೆಚ್ಚಿನ ಕಾರಣ ಬೇಡ. ಇನ್ನು ಇಪ್ಪತ್ತು ಜನರಾದರೆ 1000 ಕಿಲೋ: ಸುಮಾರು 800 ಕಿಲೋ ತೂಗುವ ಗಾಡಿಯ ಮೇಲೆ ಅದಕ್ಕಿಂತ ಹೆಚ್ಚಿನ ಭಾರ. ವೇಗ 40ರಿಂದ 60 ಕಿ.ಮೀ.ಗೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಹೆಚ್ಚುತ್ತದೆ. ಇಳಿಜಾರಿನಲ್ಲಿ ಆ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗುತ್ತದೆ. ಬಿಸಿಯಾದ ಬ್ರೇಕು ಹಿಡಿಯುವುದಿಲ್ಲ.

ಇದು ಕಾಗದದ ಲೆಕ್ಕವಲ್ಲ. 2022ರ ಆಗಸ್ಟಿನಲ್ಲಿ ಇದೇ ಹೆದ್ದಾರಿ 48ರಲ್ಲಿ, ಶಿರಾ ತಾಲ್ಲೂಕಿನಲ್ಲಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೊರಟವರನ್ನು ಕಿಕ್ಕಿರಿದು ತುಂಬಿದ್ದ ಕ್ರೂಸರ್ ಲಾರಿಗೆ ಡಿಕ್ಕಿಯಾಗಿ 9 ಮಂದಿ ಸತ್ತರು. 2024ರ ಮೇ ತಿಂಗಳಲ್ಲಿ ಛತ್ತೀಸಗಡದ ಕವರ್ಧಾದಲ್ಲಿ ತೆಂದು ಎಲೆ ಕೊಯ್ದು ಮರಳುತ್ತಿದ್ದ ಬೈಗಾ ಆದಿವಾಸಿಗಳ ಪಿಕಪ್ ಕಂದಕಕ್ಕೆ ಉರುಳಿ 19 ಜನ ಸತ್ತರು. ಬಹುತೇಕ ಎಲ್ಲರೂ ಹೆಂಗಸರು. 2025ರ ಜನವರಿ 22ರ ನಸುಕಿನಲ್ಲಿ ನಮ್ಮದೇ ಯಲ್ಲಾಪುರದ ಘಟ್ಟದಲ್ಲಿ, ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ, ಹಣ್ಣು ಹೇರಿ ಹೊರಟ ಲಾರಿ ಕಣಿವೆಗೆ ಬಿದ್ದು 10 ವ್ಯಾಪಾರಿಗಳು ಪ್ರಾಣ ಬಿಟ್ಟರು. ಅವರು ಸರಕಿನ ಜೊತೆಗೇ ಕುಳಿತಿದ್ದರು. ಪ್ರತಿ ಸಲವೂ ಸಂತಾಪ, ಪರಿಹಾರದ ಘೋಷಣೆ, ಒಂದು ವಾರದ ತಪಾಸಣೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮ್ಮ ಆಡಳಿತಕ್ಕೆ ಅಭ್ಯಾಸವಾಗಿದೆ.

ಇನ್ನೊಂದು ಸತ್ಯವನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಸರಕು ಗಾಡಿಯ ವಿಮೆ ಅದರಲ್ಲಿ ಪ್ರಯಾಣಿಕರಂತೆ ಸಾಗುವವರನ್ನು ಕಾಯುವುದಿಲ್ಲ. 2002ರಲ್ಲಿ ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರಕು ವಾಹನದಲ್ಲಿ ಸುಮ್ಮನೆ ಸಾಗುವ ಪ್ರಯಾಣಿಕರ ಸಾವಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸ್ಪಷ್ಟಪಡಿಸಿತು. 1994ರ ತಿದ್ದುಪಡಿ ಸರಕಿನ ಮಾಲೀಕನಿಗೆ ರಕ್ಷಣೆ ಕೊಟ್ಟಿತಾದರೂ, ಅವನು ಹೇರಿನ ಮೇಲಲ್ಲ, ಕ್ಯಾಬಿನ್ನಿನಲ್ಲಿ ಕುಳಿತಿರಬೇಕೆಂದು 2007ರಲ್ಲಿ ಅದೇ ನ್ಯಾಯಾಲಯ ಹೇಳಿತು. ಗಾಡಿ ಮಾಲೀಕನ ಕೆಲಸಗಾರರಿಗೆ ಸೀಮಿತ ರಕ್ಷಣೆಯಿದೆ. ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವ ಇಪ್ಪತ್ತು ಹೆಣ್ಣುಮಕ್ಕಳು ಅದರೊಳಗೆ ಬರುವುದಿಲ್ಲ. ಗಾಡಿಯ ಗಾಜಿಗೆ ಅಂಟಿಸಿದ ವಿಮೆಯ ಚೀಟಿ ಅವರಿಗೆ ಯಾವ ಗೌರವವನ್ನೂ ತೋರುವುದಿಲ್ಲ. ಪರಿಹಾರದ ಭಾರ ಗಾಡಿಯ ಮಾಲೀಕನ ತಲೆಗೆ ಬೀಳುತ್ತದೆ. ಅವನೂ ಸಾಲದಲ್ಲಿರುವ ಬಡವನೇ. ಅವನ ಮನೆಯೂ ಹೋಗುತ್ತದೆ, ಸತ್ತವರ ಮಕ್ಕಳಿಗೂ ಏನೂ ಸಿಗುವುದಿಲ್ಲ.

“ಬಸ್ಸೇ ಇಲ್ಲದಿರುವಾಗ ಮತ್ತೇನು ಮಾಡಬೇಕು? ಪಟ್ಟಣದಲ್ಲಿ ಕುಳಿತು ಬುದ್ಧಿ ಹೇಳಬೇಡಿ” ಎನ್ನುವವರಿದ್ದಾರೆ. ನಾನು ಪಟ್ಟಣದವನಲ್ಲ; ಬಸ್ಸು ತಪ್ಪಿದರೆ ಹತ್ತಾರು ಮೈಲಿ ನಡೆಯಬೇಕಾದ ಊರಿನವನೇ. ಈ ವಾದದಲ್ಲಿ ಅರ್ಧ ಸತ್ಯವಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿತು. ಆದರೆ ಬೆಳಗಿನ ಆರಕ್ಕೆ ಹೊಲದ ದಾರಿಗೆ ಬಾರದ ಬಸ್ಸು ಉಚಿತವಾದರೂ ಕೂಲಿಕಾರಳಿಗೆ ಏನು ಪ್ರಯೋಜನ? ಸರ್ಕಾರ ಇದಕ್ಕೆ ಉತ್ತರಿಸಬೇಕು. ಉಳಿದ ಅರ್ಧ ಸತ್ಯ ನಮ್ಮ ಅಂಗಳದಲ್ಲಿದೆ. ಆಳುಗಳನ್ನು ಕರೆಸುವವರು ನಾವು. ‘ಒಂದೇ ಟ್ರಿಪ್ಪಿನಲ್ಲಿ ಎಲ್ಲರನ್ನೂ ತಾ’ ಎಂದು ಚಾಲಕನಿಗೆ ಹೇಳುವವರು ನಾವು. 2005ರ ಉದ್ಯೋಗ ಖಾತರಿ ಕಾಯ್ದೆ 5 ಕಿ.ಮೀ.ಗಿಂತ ದೂರದ ಕೆಲಸಕ್ಕೆ ಶೇ. 10ರಷ್ಟು ಹೆಚ್ಚುವರಿ ಕೂಲಿಯನ್ನು ಪ್ರಯಾಣದ ಖರ್ಚಿಗೆಂದು ಬರೆದಿತ್ತು. ದೂರಕ್ಕೆ ಬೆಲೆಯಿದೆ ಎಂಬ ತತ್ತ್ವವನ್ನು ಕಾನೂನು ಒಪ್ಪಿತ್ತು. ನಮ್ಮ ತೋಟಗಳು ಇನ್ನೂ ಒಪ್ಪಿಲ್ಲ. ಎರಡು ಟ್ರಿಪ್ಪಿನ ಡೀಸೆಲ್ಲಿಗೆ, ಸೀಟಿರುವ ಗಾಡಿಯ ಬಾಡಿಗೆಗೆ ಹಿಂದೆಗೆಯುವ ನಾವು ಪರಿಸರದ ಬಗ್ಗೆ, ನ್ಯಾಯದ ಬಗ್ಗೆ ಯಾವ ಬಾಯಿಂದ ಮಾತಾಡುವುದು?

ಆದ್ದರಿಂದ ಈ ಕೆಳಗಿನ ಮಾತುಗಳನ್ನು ಊರೂರಿನ ಗ್ರಾಮಸಭೆಯ ಮುಂದಿಡಬೇಕೆಂದು ಕೋರುತ್ತೇನೆ.

ಒಂದು, ಗಾಡಿ ಕೊಳ್ಳುವವರು ಹೊರಬಲ್ಲ ಗರಿಷ್ಠ ತೂಕವನ್ನು ನೋಡಿ ಕೊಳ್ಳಬಾರದು. ತಮ್ಮ ದಿನದ ಹೇರು, ದಾರಿಯ ಅಗಲ, ಏರಿನ ಕಡಿದು, ಈ ಮೂರನ್ನು ಮೊದಲು ಬರೆದುಕೊಳ್ಳಲಿ. ತೊಟ್ಟಿ ತಗ್ಗಾಗಿದ್ದಷ್ಟು ಹೇರುವವರ ಬೆನ್ನಿಗೂ ಕ್ಷೇಮ, ತಿರುವಿಗೂ ಕ್ಷೇಮ.

ಎರಡು, ಭಾರವಾದುದನ್ನು ಕೆಳಗೆ, ಹಿಂದಿನ ಗಾಲಿಗಿಂತ ಮುಂದೆ ಹೇರಬೇಕು. ಭಾರ ಹಿಂದಕ್ಕೆ ಹೋದರೆ ಏರಿನಲ್ಲಿ ಮುಂದಿನ ಗಾಲಿ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಹುಲ್ಲು, ಸೋಗೆ ಹಗುರವೆಂದು ಆಳೆತ್ತರ ಪೇರಿಸಬಾರದು. ಹತ್ತಿದ ಗೇರಿನಲ್ಲೇ ಇಳಿಯಬೇಕು. ಹಿಂಬದಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಬೇಕು. ನಿಂತ ಗಾಡಿಗೆ ಕತ್ತಲಲ್ಲಿ ಅಪ್ಪಳಿಸುವುದು ಎಷ್ಟು ಘೋರವೆಂದು 2024ರ ಜೂನಿನಲ್ಲಿ ಬ್ಯಾಡಗಿಯ ಬಳಿ ಕಂಡೆವು: ನಿಂತಿದ್ದ ಲಾರಿಗೆ ಅಪ್ಪಳಿಸಿ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿ ಕಡೆಯ 13 ಜನ ಒಂದೇ ನಸುಕಿನಲ್ಲಿ ಹೋದರು.

ಮೂರು, ಪ್ರಾಥಮಿಕ ಸಹಕಾರ ಸಂಘಗಳು ಟಿಲ್ಲರ್, ಸಿಂಪಡಣಾ ಯಂತ್ರಗಳನ್ನು ಬಾಡಿಗೆಗೆ ಕೊಡುವಂತೆ, ಒಂದು ಸಣ್ಣ ಸರಕು ಗಾಡಿಯನ್ನೂ ಸೀಟು, ಪರವಾನಗಿ, ವಿಮೆಗಳುಳ್ಳ ಒಂದು ಪ್ರಯಾಣಿಕ ವಾಹನವನ್ನೂ ಇಡಲಿ. ಹತ್ತು ಮನೆಗೆ ಹತ್ತು ಪಿಕಪ್ ಬೇಡ.

ನಾಲ್ಕು, ಸಾರಿಗೆ ನಿಗಮಗಳು ಬಿತ್ತನೆ ಮತ್ತು ಕೊಯ್ಲಿನ ಕಾಲಕ್ಕೆ ಬೆಳಗ್ಗೆ ಹಾಗೂ ಸಂಜೆ ಕೂಲಿ ಬಸ್ಸು ಬಿಡಲಿ. ಆನಗೋಡಿನಂಥ ಹೆದ್ದಾರಿಯ ಊರುಗಳಲ್ಲಿ ಸೇವಾರಸ್ತೆಯನ್ನೂ ಕೆಳಸೇತುವೆಯನ್ನೂ ಹೊಲದ ದಾರಿಗಳನ್ನು ನೋಡಿ ಕಟ್ಟಲಿ. ಕಾರಿಗೆ ಗಂಟೆಗೆ 100 ಕಿ.ಮೀ. ವೇಗ ಕೊಟ್ಟವರು, ಅದನ್ನು 30ರ ವೇಗದಲ್ಲಿ ದಾಟುವ ಗಾಡಿಗೂ ಒಂದು ದಾರಿ ಕೊಡಬೇಕು.

ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಕೆಲಸವಿದೆ. ಒಂದು ವಾರ ಬೆಳಗಿನ ಆರರಿಂದ ಎಂಟರವರೆಗೆ ನಿಮ್ಮೂರಿನ ಕೂಡುದಾರಿಯಲ್ಲಿ ನಿಂತು, ಎಷ್ಟು ಸರಕು ಗಾಡಿಯಲ್ಲಿ ಎಷ್ಟು ಜನ ಹೋದರೆಂದು ಎಣಿಸಿ ಬರೆಯಿರಿ. ಚಾಲಕರ ಹೆಸರು ಬೇಡ, ಗಾಡಿಯ ನಂಬರು ಬೇಡ. ದಂಡ ಹಾಕಿಸುವುದು ನಮ್ಮ ಗುರಿಯಲ್ಲ. ಆ ಲೆಕ್ಕವನ್ನು ಪಂಚಾಯಿತಿಗೂ ಬಸ್ ಡಿಪೋಗೂ ಕೊಡಿ. ‘ಬೇಡಿಕೆಯಿಲ್ಲ’ ಎಂಬ ನೆಪ ಆ ದಿನವೇ ಮುಗಿಯುತ್ತದೆ.

ಹಿಂದೆ ಎತ್ತಿನ ಗಾಡಿಗೆ ಹೇರು ಹೆಚ್ಚಾದರೆ ಎತ್ತು ನಿಂತುಬಿಡುತ್ತಿತ್ತು. ಎಷ್ಟು ಬಾರಿಸಿದರೂ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ರೈತ ನಾಚಿ ಎರಡು ಮೂಟೆ ಇಳಿಸುತ್ತಿದ್ದ. ಎಂಜಿನ್ ಹಾಗೆ ನಿಲ್ಲುವುದಿಲ್ಲ. ನಿಲ್ಲಬೇಕಾದ ವಿವೇಕ ಈಗ ನಮ್ಮದು.