ಆ ಮಗು ಹಟ ಮಾಡುತ್ತಿಲ್ಲ

ಎದೆಬಡಿತ, ಉಸಿರು, ಜೀರ್ಣಕ್ರಿಯೆ. ಇವು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಇವನ್ನು ತಾನಾಗಿ ನಡೆಸಿಕೊಂಡು ಹೋಗುವುದು ಅಟಾನಾಮಿಕ್ ನರವ್ಯೂಹ. ಪಿಯುಸಿ ಜೀವಶಾಸ್ತ್ರದಲ್ಲಿ ಸಿಂಪಥೆಟಿಕ್ ನರಗಳು ಎದೆಬಡಿತ ಹೆಚ್ಚಿಸುತ್ತವೆ, ಪ್ಯಾರಾಸಿಂಪಥೆಟಿಕ್ ನರಗಳು ತಗ್ಗಿಸುತ್ತವೆ ಎಂದು ಬಾಯಿಪಾಠ ಮಾಡುತ್ತೇವೆ, ಅಂಕ ಪಡೆದು ಮರೆಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಈ ಪಾಠ ಪರೀಕ್ಷೆಗಿಂತ ನಮ್ಮ ಓಣಿಗಳಿಗೆ ಹೆಚ್ಚು ಬೇಕಾಗಿದೆ.

ರೆಟ್ ಸಿಂಡ್ರೋಮ್ ಎಂಬ ಕಾಯಿಲೆಯನ್ನೇ ನೋಡಿ. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಬರುತ್ತದೆ. ಮೊದಲ 6ರಿಂದ 18 ತಿಂಗಳು ಚೆನ್ನಾಗಿಯೇ ಬೆಳೆದ ಮಗು ಆಮೇಲೆ ಕಲಿತ ಮಾತು ಮರೆಯುತ್ತದೆ. ಆಟಿಕೆ ಹಿಡಿಯುತ್ತಿದ್ದ ಕೈಗಳನ್ನು ಸದಾ ಹಿಂಡತೊಡಗುತ್ತದೆ. ಅಟಾನಾಮಿಕ್ ನರವ್ಯೂಹದ ಹತೋಟಿಯೂ ತಪ್ಪುತ್ತದೆ. ಎಚ್ಚರವಿದ್ದಾಗ ಒಮ್ಮೆ ಜೋರಾಗಿ ಉಸಿರಾಡುತ್ತದೆ, ಒಮ್ಮೆ ಉಸಿರು ಬಿಗಿಹಿಡಿಯುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮಲಬದ್ಧತೆ ಕಾಡುತ್ತದೆ. ಕೆಲವರಲ್ಲಿ ಹೃದಯದ ಲಯವೇ ಏರುಪೇರಾಗುತ್ತದೆ.

ಇಂಥ ಮಗುವನ್ನು ಕಂಡವರು ಹಟಮಾರಿ ಎನ್ನುತ್ತಾರೆ. ನಜರ್ ತಗಲಿದೆ ಎನ್ನುತ್ತಾರೆ. ಕೊನೆಗೆ ತಪ್ಪೆಲ್ಲ ತಾಯಿಯ ತಲೆಗೆ ಬರುತ್ತದೆ.

ವಿಜ್ಞಾನ ಹೇಳುವುದೇ ಬೇರೆ. ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದರು. ಅದರ ಕಾರಣ ಹುಡುಕಿದವರು ಬೈರೂತ್‌ನಲ್ಲಿ ಹುಟ್ಟಿದ ಹುದಾ ಝೋಗ್ಬಿ. ಲೆಬನಾನಿನ ಯುದ್ಧದಿಂದಾಗಿ ಊರು ಬಿಟ್ಟು ಅಮೆರಿಕದಲ್ಲಿ ವೈದ್ಯಕೀಯ ಓದು ಮುಗಿಸಿದ ಅವರು 1983ರಲ್ಲಿ ಇಂಥ ಮಗುವನ್ನು ಮೊದಲು ಕಂಡರು. 16 ವರ್ಷ ಬೆನ್ನು ಬಿಡದೆ ಹುಡುಕಿ, 1999ರಲ್ಲಿ ಅವರ ತಂಡ ಎಕ್ಸ್ ವರ್ಣತಂತುವಿನ ಎಂಇಸಿಪಿ2 ಜೀನಿನಲ್ಲಿ ದೋಷವನ್ನು ಪತ್ತೆಹಚ್ಚಿತು. ಈ ದೋಷ ಬಹುತೇಕ ಹೊಸದಾಗಿ ಆಗುವಂಥದ್ದು, ಅದೂ ಹೆಚ್ಚಾಗಿ ತಂದೆಯಿಂದ ಬಂದ ವರ್ಣತಂತುವಿನಲ್ಲಿ. ಹಾಗೆಂದು ಈಗ ತಂದೆಯನ್ನು ದೂರುವುದಲ್ಲ. ಇದು ಯಾರ ತಪ್ಪೂ ಅಲ್ಲ, ಯಾರ ಪಾಪದ ಫಲವೂ ಅಲ್ಲ.

ದುಆ ಬೇಡವೆಂದು ನಾನು ಹೇಳುತ್ತಿಲ್ಲ. ದುಆ ಇರಲಿ, ಚಿಕಿತ್ಸೆಯೂ ಇರಲಿ. ನಮ್ಮ ದೀನ್ ಕೂಡ ಮದ್ದು ಮಾಡಿಸಬೇಡಿ ಎಂದಿಲ್ಲ. ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಈ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೆ ಮಲಬದ್ಧತೆಗೆ, ಫಿಟ್ಸ್‌ಗೆ ಔಷಧ ಉಂಟು. ವರ್ಷಕ್ಕೊಮ್ಮೆ ಇಸಿಜಿ ಮಾಡಿಸಿದರೆ ಹೃದಯದ ತೊಂದರೆ ಮೊದಲೇ ಗೊತ್ತಾಗುತ್ತದೆ.

ನಾವು ವಿದ್ಯಾರ್ಥಿಗಳು ವೈದ್ಯರಲ್ಲ. ಆದರೆ ಮನೆಯಲ್ಲಿ, ನೆರೆಯಲ್ಲಿ, ಮದುವೆಯ ಮನೆಯಲ್ಲಿ ಯಾರಾದರೂ ಅಂಥ ಮಗುವಿನ ತಾಯಿಗೆ ಚುಚ್ಚಿ ಮಾತಾಡಿದರೆ, "ಖಾಲಾ, ಅದು ಹಟ ಅಲ್ಲ, ನರದ ಕಾಯಿಲೆ, ಅವರದೇನೂ ತಪ್ಪಿಲ್ಲ" ಎಂದು ಹೇಳಬಲ್ಲೆವು. ಅಷ್ಟು ಹೇಳುವ ಧೈರ್ಯ ಬಂದರೆ ನಾವು ಆ ಪಾಠ ಓದಿದ್ದಕ್ಕೂ ಸಾರ್ಥಕ.